ಉರಿಯಿಲ್ಲದ ಉರಿಯೂತ

‘ಉರಿಯೂತ’ ಎಂಬುದು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುವ ಶಬ್ದ. ಉರಿಯೂ ಊತವೂ ಕೂಡಿ ಆದದ್ದು. ಮುಳ್ಳು ಮುರಿದು ಕೀವಾದ ಬೆರಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಇದಕ್ಕಿರುವ ಶಬ್ದದ ಲ್ಯಾಟಿನ್ ಮೂಲದಲ್ಲಿಯೂ ಬೆಂಕಿಯೇ ಇದೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಅದಕ್ಕೆ ನಾಲ್ಕು ಲಕ್ಷಣಗಳನ್ನು ಕೊಟ್ಟ: ಕೆಂಪು, ಊತ, ಬಿಸಿ, ನೋವು. ಈಚಿನ ವರ್ಷಗಳಲ್ಲಿ ಪತ್ರಿಕೆಗಳ ಆರೋಗ್ಯ ಪುಟಗಳನ್ನು ತೆರೆದರೆ, ಆಲ್ಝೈಮರ್ ಕಾಯಿಲೆಗೆ ಮಿದುಳಿನ ಉರಿಯೂತವೇ ಮೂಲ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆದರೆ ಈ ಕಾಯಿಲೆಯ ಮಿದುಳು ಊದುವುದಿಲ್ಲ, ಕುಗ್ಗುತ್ತದೆ. ಕೆಂಪೇರುವುದಿಲ್ಲ, ಬಿಸಿಯಾಗುವುದಿಲ್ಲ. ನೋವಂತೂ ಇಲ್ಲವೇ ಇಲ್ಲ. ನೋವನ್ನು ಗ್ರಹಿಸುವ ನರತುದಿಗಳು ಮಿದುಳಿನ ಅಂಗಾಂಶದಲ್ಲಿಲ್ಲ. ಸೆಲ್ಸಸ್ ಹೇಳಿದ ನಾಲ್ಕರಲ್ಲಿ ಒಂದೂ ಇಲ್ಲದ ಕಡೆಗೆ ಈ ಶಬ್ದ ಹೇಗೆ ಹೋಯಿತು, ಹೋದಮೇಲೆ ಏನು ಮಾಡಿತು ಎಂಬುದು ನೂರು ವರ್ಷಕ್ಕೂ ಮಿಕ್ಕ ಚರಿತ್ರೆ. ನಾವು ವೈದ್ಯರಲ್ಲ, ಸಾಹಿತ್ಯ ಓದಿ, ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಕಡತಗಳನ್ನು ನೋಡುವವರು. ಒಂದು ಶಬ್ದ ಮನುಷ್ಯರನ್ನು ಎತ್ತೆತ್ತ ಕರೆದೊಯ್ದಿತೆಂದು ಕೇಳುವುದು ಮಾತ್ರ ನಮ್ಮ ಅಧಿಕಾರದ ವ್ಯಾಪ್ತಿಗೂ ಸೇರಿದ್ದೆಂದು ನಂಬಿದ್ದೇವೆ.

1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಲಾಯಿತು. ಮರುದಿನ ವೈದ್ಯ ಅಲೋಯ್ಸ್ ಆಲ್ಝೈಮರ್ ಅವರು ಆಕೆಯನ್ನು ಮಾತನಾಡಿಸಿ, ತಮ್ಮ ಪ್ರಶ್ನೆಗಳನ್ನೂ ಆಕೆಯ ಉತ್ತರಗಳನ್ನೂ ಸಾಲುಸಾಲಾಗಿ ಬರೆದಿಟ್ಟರು. ಹೆಸರು ಕೇಳಿದಾಗ ಆಕೆ ಔಗುಸ್ಟೆ ಎಂದರು. ಪತಿಯ ಹೆಸರನ್ನು ಕೇಳಿದಾಗಲೂ ಅದನ್ನೇ ಹೇಳಿದರು. ಆ ದಾಖಲೆ ಬಹುಕಾಲ ಕಾಣೆಯಾಗಿತ್ತು. 1995ರಲ್ಲಿ ಅದೇ ಊರಿನ ಮನೋವೈದ್ಯ ಕೊನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ಅದು ಸಿಕ್ಕಿತು: ನೀಲಿ ರಟ್ಟಿನ ಹೊದಿಕೆ, ಒಳಗೆ ಮೂವತ್ತಕ್ಕೂ ಮಿಕ್ಕಿದ ಹಾಳೆಗಳು. ಮೂರು ವರ್ಷದ ಹಿಂದಿನ ಕಡತಕ್ಕಾಗಿ ಮೂರು ವಿಭಾಗಗಳನ್ನು ಅಲೆಯುವ ನಮ್ಮಂಥವರಿಗೆ, ಎರಡು ಮಹಾಯುದ್ಧಗಳನ್ನು ದಾಟಿ ಉಳಿದ ಆ ಕಡತವೇ ಒಂದು ವಿಸ್ಮಯ.

ಔಗುಸ್ಟೆ 1906ರ ಏಪ್ರಿಲ್ 8ರಂದು ತೀರಿಕೊಂಡರು. ಆ ಹೊತ್ತಿಗೆ ಆಲ್ಝೈಮರ್ ಮ್ಯೂನಿಕ್‌ನಲ್ಲಿ ಎಮಿಲ್ ಕ್ರೆಪೆಲಿನ್ ಅವರ ಸಂಸ್ಥೆಯಲ್ಲಿದ್ದರು. ಮಿದುಳನ್ನು ಅಲ್ಲಿಗೆ ತರಿಸಿಕೊಂಡು ಪರೀಕ್ಷಿಸಿದರು. ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ವಿಷಯ ಮಂಡಿಸಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1907ರಲ್ಲಿ ಅದು ಅಚ್ಚಾಯಿತು. ಕೆಲವೇ ಪುಟಗಳ ಬರಹ. ಅದರಲ್ಲಿ ಎರಡು ಸಂಗತಿಗಳು ಮುಂದೆ ಜಗತ್ಪ್ರಸಿದ್ಧವಾದವು. ಒಂದು, ನರಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಇನ್ನೊಂದು, ಕೋಶಗಳ ಹೊರಗೆ ರಾಗಿಕಾಳಿನಂತೆ ಚದುರಿದ, ಅದಕ್ಕಿಂತ ಎಷ್ಟೋ ಪಾಲು ಸಣ್ಣದಾದ ಗಡ್ಡೆಗಳು. ಇಂದು ಪ್ಲಾಕ್ ಎನ್ನುವುದು ಇವನ್ನೇ. ಮೂರನೆಯದೊಂದೂ ಅಲ್ಲಿಯೇ ಇದೆ, ಓದಿದವರು ದಾಟಿ ಹೋದರು. ನರಕೋಶಗಳ ನಡುವಿನ ಗ್ಲಿಯಾ ಕೋಶಗಳು ಯಥೇಚ್ಛವಾಗಿ ನಾರುಗಳನ್ನು ಬೆಳೆಸಿಕೊಂಡಿವೆ, ಅವುಗಳಲ್ಲಿ ಹಲವು ತಮ್ಮೊಳಗೆ ಕೊಬ್ಬಿನ ಚೀಲಗಳನ್ನು ತುಂಬಿಕೊಂಡಿವೆ ಎಂದು ಆಲ್ಝೈಮರ್ ಗುರುತಿಸಿದ್ದರು. ಗ್ಲಿಯಾ ಎಂದರೆ ಗ್ರೀಕಿನಲ್ಲಿ ಅಂಟು. ಇಟ್ಟಿಗೆಗಳ ನಡುವಿನ ಗಾರೆಯೆಂದೇ ಆಗ ಅವುಗಳ ಎಣಿಕೆ. ಗಾರೆಯ ಸುದ್ದಿ ಯಾರಿಗೆ ಬೇಕು?

ಅದೇ ಬರಹದಲ್ಲಿ ಇನ್ನೊಂದು ಸಣ್ಣ ವಾಕ್ಯವಿದೆ. ರಕ್ತನಾಳಗಳ ಸುತ್ತ ಹೊರಗಿನ ಕೋಶಗಳ ಮುತ್ತಿಗೆ ಕಾಣಲಿಲ್ಲ ಎಂಬುದು ಅದರ ಸಾರ. ನಮ್ಮ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಕೀಲಿ ಇರುವುದು ಇಲ್ಲಿ. ಆಲ್ಝೈಮರ್ ಹೆಸರು ಮಾಡಿದ್ದು ಸಿಫಿಲಿಸ್ ಮಿದುಳಿಗೇರಿದಾಗ ಬರುವ ಬುದ್ಧಿಭ್ರಂಶದ ಅಧ್ಯಯನದಿಂದ. ಅವರ 1904ರ ಪ್ರೌಢ ಪ್ರಬಂಧ ಆ ಕುರಿತಾದದ್ದು. ಆ ರೋಗದಲ್ಲಿ ರಕ್ತದಿಂದ ಬಂದ ಬಿಳಿಯ ಕೋಶಗಳು ಮಿದುಳಿನ ನಾಳಗಳ ಸುತ್ತ ಜಾತ್ರೆಗೆ ನೆರೆದವರಂತೆ ಕಿಕ್ಕಿರಿದಿರುತ್ತವೆ. ಮಿದುಳಿನ ಉರಿಯೂತ ಹೇಗಿರುತ್ತದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ವಿರಳ. ಬಲ್ಲವರಾದ್ದರಿಂದಲೇ, ಔಗುಸ್ಟೆಯ ಮಿದುಳಿನಲ್ಲಿ ಆ ಜಾತ್ರೆ ಕಾಣದಿದ್ದಾಗ, ಇದು ಉರಿಯೂತವಲ್ಲ ಎಂಬ ಕಡೆಗೆ ಮಾತು ವಾಲಿತು. ಅವರು ಕಂಡದ್ದರಲ್ಲಿ ತಪ್ಪಿರಲಿಲ್ಲ. ಹೊರಗಿನಿಂದ ಯಾರೂ ಬಂದಿರಲಿಲ್ಲ, ಕೆರಳಿದ್ದವರು ಮನೆಯೊಳಗಿನವರು. ಅದನ್ನು ಹೇಳಲು ಆಗ ಶಬ್ದವಿರಲಿಲ್ಲ.

ಅದೇ 1907ರಲ್ಲಿ ಪ್ರಾಗ್ ನಗರದ ಆಸ್ಕರ್ ಫಿಷರ್ ಎಂಬ ವೈದ್ಯರು, ಮುಪ್ಪಿನ ಮರೆವಿನಿಂದ ತೀರಿಕೊಂಡ 16 ಜನರ ಮಿದುಳುಗಳನ್ನು ನೋಡಿ 12ರಲ್ಲಿ ಪ್ಲಾಕ್‌ಗಳನ್ನು ವಿವರಿಸಿದರು. ಆಲ್ಝೈಮರ್ ಅವರದು ಒಂದೇ ಮಿದುಳು ಎಂಬುದನ್ನು ಇಲ್ಲಿ ನೆನೆಯಬೇಕು. ಫಿಷರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವುದೋ ವಿಚಿತ್ರ ವಸ್ತು ಮಿದುಳಿನಲ್ಲಿ ಸಂಗ್ರಹವಾಗುತ್ತದೆ, ಅದು ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತದೆ, ಆ ಕೆರಳುವಿಕೆಯೇ ಹಾನಿಯ ದಾರಿ ಎಂದು ಊಹಿಸಿದರು. ಊಹೆಯನ್ನು ಒರೆಗೆ ಹಚ್ಚುವ ಸಾಧನವೂ ಆಗತಾನೆ ಒದಗಿತ್ತು. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಒಂದು ಪಡೆ ಇದೆ. ಅದು ಶತ್ರುವಿಗೆ ಅಂಟಿಕೊಂಡು ‘ಇದನ್ನು ತೆಗೆದುಹಾಕಿ’ ಎಂಬ ಗುರುತು ಹಚ್ಚುತ್ತದೆ. ಸಿಫಿಲಿಸನ್ನು ಪತ್ತೆ ಹಚ್ಚುವ ವಾಸರ್‌ಮನ್ ಪರೀಕ್ಷೆ 1906ರಲ್ಲಿ ಬಂದದ್ದು ಈ ಪ್ರೋಟೀನುಗಳನ್ನೇ ಆಧರಿಸಿ. ಫಿಷರ್ ಕಾಂಪ್ಲಿಮೆಂಟಿನ ಜಾಡನ್ನು ಪ್ಲಾಕ್‌ಗಳಲ್ಲಿ ಹುಡುಕಿದರು. ಬಣ್ಣಗಟ್ಟುವ ಪ್ರಯೋಗಗಳನ್ನೂ ಮಾಡಿದರು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದೇ 1910ರಲ್ಲಿ ಪ್ರಾಮಾಣಿಕವಾಗಿ ಬರೆದರು.

ಆ ವರ್ಷವೇ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು. ಫಿಷರ್ ಹೆಸರು ನೇಪಥ್ಯಕ್ಕೆ ಸರಿಯಿತು. ಅವರು ಯಹೂದಿ. 1941ರಲ್ಲಿ ಗೆಸ್ಟಾಪೊ ಅವರನ್ನು ಬಂಧಿಸಿತು. 1942ರ ಫೆಬ್ರವರಿಯಲ್ಲಿ ತೆರೆಜಿನ್‌ನ ಕಿರುಕೋಟೆಯ ಸೆರೆಮನೆಯಲ್ಲಿ ಅವರ ಜೀವ ಹೋಯಿತು.

ಮನೆಯೊಳಗಿನ ಆ ಕೋಶಗಳಿಗೆ ಹೆಸರು ಬಂದದ್ದು ಮ್ಯಾಡ್ರಿಡ್‌ನಲ್ಲಿ. ಆಲ್ಝೈಮರ್ ಅವರ ಬಳಿ ಮ್ಯೂನಿಕ್‌ನಲ್ಲಿ ದುಡಿದಿದ್ದ ನಿಕೊಲಾಸ್ ಅಚೂಕಾರೊ ಎಂಬ ಸ್ಪೇನಿನ ವೈದ್ಯರು ಊರಿಗೆ ಮರಳಿ ಪ್ರಯೋಗಾಲಯ ನಡೆಸುತ್ತಿದ್ದರು. ಅವರ ಶಿಷ್ಯ ಪಿಯೊ ದೆಲ್ ರಿಯೊ ಒರ್ತೆಗಾ. 1919ರಲ್ಲಿ ಒರ್ತೆಗಾ ತಾವೇ ರೂಪಿಸಿದ ಬೆಳ್ಳಿಯ ಲೇಪದಿಂದ ಗ್ಲಿಯಾಗಳ ಗುಂಪಿನಲ್ಲಿ ಒಂದು ಬೇರೆಯೇ ಜಾತಿಯನ್ನು ವಿಂಗಡಿಸಿ ತೋರಿಸಿ, ಮೈಕ್ರೋಗ್ಲಿಯಾ ಎಂದು ಕರೆದರು. ಇವು ಶಾಂತವಾಗಿದ್ದಾಗ ಕವಲೊಡೆದ ತೆಳ್ಳನೆಯ ಕೈಗಳನ್ನು ಚಾಚಿಕೊಂಡಿರುತ್ತವೆ. ಗಾಯವಾದ ಕಡೆ ಕೈಗಳನ್ನು ಒಳಗೆಳೆದುಕೊಂಡು, ದುಂಡಗಾಗಿ, ಸತ್ತದ್ದನ್ನು ನುಂಗುತ್ತವೆ. ಮಿದುಳಿನ ಇತರ ಕೋಶಗಳ ಕುಲ ಇವುಗಳದಲ್ಲ, ಭ್ರೂಣಾವಸ್ಥೆಯಲ್ಲಿ ಹೊರಗಿನಿಂದ ಬಂದು ನೆಲೆಸಿದವು ಎಂದರು ಒರ್ತೆಗಾ. ಅದು ಸರಿಯೆಂದು, ಭ್ರೂಣದ ಭಂಡಾರಚೀಲದಲ್ಲಿ ಹುಟ್ಟಿ ಮಿದುಳಿಗೆ ವಲಸೆ ಬರುತ್ತವೆಂದು, ಇಲಿಗಳಲ್ಲಿ ಖಚಿತವಾಗಿ ತೋರಿಸಿದ್ದು 2010ರಲ್ಲಿ. ಹುಟ್ಟಿದ ಊರಿಗೂ ಬಾಳುವ ಊರಿಗೂ ಸಂಬಂಧವಿಲ್ಲದ ಕೋಶಗಳು ಎಂದು ಓದಿದಾಗ ಹೊರನಾಡಿನಲ್ಲಿ ನೆಲೆಸಿದ ನಮಗೆ ಅವುಗಳ ಮೇಲೆ ಒಂದು ಬಗೆಯ ಮಮಕಾರ ಹುಟ್ಟಿದ್ದು ಸುಳ್ಳಲ್ಲ. ಒರ್ತೆಗಾ ಕೂಡ ಸ್ಪೇನಿನ ಅಂತರ್ಯುದ್ಧದಿಂದ ದೇಶ ಬಿಟ್ಟು, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು.

ಅಲ್ಲಿಂದ ಮುಂದೆ ದೀರ್ಘ ಮೌನ. ಮೈಕ್ರೋಗ್ಲಿಯಾ ಎಂದರೆ ಹೊಲಸು ಬಳಿಯುವವು, ಎಲ್ಲ ಮುಗಿದ ಮೇಲೆ ಬರುವವು ಎಂಬ ಭಾವನೆ ಬೇರೂರಿತು. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇಯ್ನ್ ವಾಂಗ್ ಅಮಿಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದರು. ಪ್ಲಾಕ್‌ನ ತಿರುಳು ಅದೇ ಎಂದು ತಿಳಿಯಿತು. 1992ರಲ್ಲಿ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗ್ಗಿನ್ಸ್ ಆ ಪ್ರೋಟೀನೇ ಕಾಯಿಲೆಯ ಮೊದಲ ಕಾರಣವೆಂಬ ಸಿದ್ಧಾಂತವನ್ನು ಮುಂದಿಟ್ಟರು. ಹಣವೂ ಗಮನವೂ ಅತ್ತ ಹರಿದವು.

ಆದರೆ ನಡುವೆ, 1982ರಲ್ಲಿ, ನೆದರ್ಲೆಂಡ್ಸ್‌ನ ಪೀಟ್ ಐಕೆಲೆನ್‌ಬೂಮ್ ಮತ್ತು ಫ್ರಾನ್ಸ್ ಸ್ಟಾಮ್ ಒಂದು ಸಣ್ಣ ಪ್ರಬಂಧ ಪ್ರಕಟಿಸಿದ್ದರು. ಪ್ಲಾಕ್‌ಗಳಲ್ಲಿ ಕಾಂಪ್ಲಿಮೆಂಟ್ ಪ್ರೋಟೀನುಗಳಿವೆ ಎಂಬುದು ಅದರ ವರದಿ. ಫಿಷರ್ ಹುಡುಕಿ ಸೋತದ್ದು 72 ವರ್ಷಗಳ ನಂತರ ದೊರೆತಿತ್ತು. 1987ರಲ್ಲಿ ಕೆನಡಾದ ವ್ಯಾಂಕೂವರಿನ ಪ್ಯಾಟ್ರಿಕ್ ಮತ್ತು ಈಡಿತ್ ಮೆಕ್‌ಗೀರ್ ದಂಪತಿಯ ತಂಡ ಪ್ಲಾಕ್‌ಗಳ ಸುತ್ತ ಕೆರಳಿದ ಮೈಕ್ರೋಗ್ಲಿಯಾ ನೆರೆದಿರುವುದನ್ನು ತೋರಿಸಿತು. ಪ್ಯಾಟ್ರಿಕ್ ಒಬ್ಬ ಅಪರೂಪದ ಆಸಾಮಿ: 1948ರ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು, ಮುಂದೆ ತಮ್ಮ ಪ್ರಾಂತ್ಯದಲ್ಲಿ ಮಂತ್ರಿಯಾದವರು. ಈ ದಂಪತಿ ಮಿದುಳಿನಿಂದ ಹೊರಗೆ, ಆಸ್ಪತ್ರೆಗಳ ದಾಖಲೆಗಳ ಕಡೆಗೆ ತಿರುಗಿದರು. ಮಿದುಳು ಉರಿಯುತ್ತಿದ್ದರೆ, ಬಹುಕಾಲ ಉರಿಯೂತದ ಔಷಧ ತಿಂದವರಲ್ಲಿ ಈ ಕಾಯಿಲೆ ಕಡಿಮೆ ಇರಬೇಕಲ್ಲ? ಸಂಧಿವಾತದ ರೋಗಿಗಳಲ್ಲಿ ನೋಡಿದರು. ನಿಜಕ್ಕೂ ಕಡಿಮೆ ಇತ್ತು. 1992ರಲ್ಲಿ ಜಪಾನಿನ ಕುಷ್ಠರೋಗಿಗಳ ಅಧ್ಯಯನ ಬಂತು. ಉರಿಯೂತವನ್ನೂ ತಗ್ಗಿಸುವ ಡ್ಯಾಪ್ಸೋನ್ ಔಷಧವನ್ನು ಸತತವಾಗಿ ತೆಗೆದುಕೊಂಡವರಲ್ಲಿ ಮರೆಗುಳಿತನ ಕಡಿಮೆ ಕಂಡಿತು. 2001ರಲ್ಲಿ ರಾಟರ್‌ಡ್ಯಾಮ್‌ನ 6,989 ಜನರ ಅಧ್ಯಯನವಂತೂ, ಎರಡು ವರ್ಷ ಅಥವಾ ಹೆಚ್ಚು ಕಾಲ ಸಾಮಾನ್ಯ ನೋವುನಿವಾರಕಗಳನ್ನು ಸೇವಿಸಿದವರಲ್ಲಿ ಆಲ್ಝೈಮರ್ ಅಪಾಯ ಐದನೇ ಒಂದು ಭಾಗಕ್ಕೆ ಇಳಿದಿದೆ ಎಂದಿತು.

ಶಬ್ದದ ಪ್ರತಾಪ ಇಲ್ಲಿಂದ ಶುರು. ಉರಿ ಎಂದಮೇಲೆ ಆರಿಸಬೇಕು. ಆರಿಸಲು ನೀರು ಅಂಗಡಿಯಲ್ಲೇ ಇದೆ, ಅಗ್ಗವಾಗಿಯೂ ಇದೆ. 2000ರಲ್ಲಿ ಪ್ರೆಡ್ನಿಸೋನ್ ಎಂಬ ಪ್ರಬಲ ಸ್ಟೆರಾಯ್ಡಿನ ಪರೀಕ್ಷೆ ಮುಗಿಯಿತು: ಪ್ರಯೋಜನವಿಲ್ಲ, ವರ್ತನೆಯ ತೊಂದರೆಗಳು ಹೆಚ್ಚಿದವು. 2003ರಲ್ಲಿ ನ್ಯಾಪ್ರೊಕ್ಸೆನ್ ಮತ್ತು ರೋಫೆಕಾಕ್ಸಿಬ್ ಪರೀಕ್ಷೆ: ಕಾಯಿಲೆಯ ವೇಗ ತಗ್ಗಲಿಲ್ಲ. ಕಾಯಿಲೆ ಬಂದ ಮೇಲೆ ಕೊಟ್ಟರೆ ತಡವಾಯಿತು, ಮೊದಲೇ ಕೊಡಬೇಕು ಎಂದರು ಕೆಲವರು. ಅದಕ್ಕಾಗಿ 2001ರಲ್ಲೇ ಅಮೆರಿಕದಲ್ಲಿ ದೊಡ್ಡದೊಂದು ಪರೀಕ್ಷೆ ಶುರುವಾಗಿತ್ತು: 70 ದಾಟಿದ, ಕುಟುಂಬದಲ್ಲಿ ಈ ಕಾಯಿಲೆ ಇದ್ದ, ಆರೋಗ್ಯವಂತರಾದ ಸುಮಾರು 2,500 ಜನ, ಒಬ್ಬರಿಗೆ ನ್ಯಾಪ್ರೊಕ್ಸೆನ್, ಒಬ್ಬರಿಗೆ ಸೆಲೆಕಾಕ್ಸಿಬ್, ಒಬ್ಬರಿಗೆ ಬರಿಯ ಹುಸಿಗುಳಿಗೆ. 2004ರ ಡಿಸೆಂಬರಿನಲ್ಲಿ, ಇಂಥ ಔಷಧಗಳಿಂದ ಹೃದಯಕ್ಕೆ ಅಪಾಯವೆಂಬ ಸುದ್ದಿ ಬರುತ್ತಲೇ ಅದನ್ನು ನಿಲ್ಲಿಸಲಾಯಿತು. ಲೆಕ್ಕ ಹಾಕಿದಾಗ ರಕ್ಷಣೆಯ ಸುಳಿವಿರಲಿಲ್ಲ. 2005ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಮರೆವಿನ ಮೊದಲ ಹಂತದಲ್ಲಿದ್ದ 1,457 ಜನರ ಪೈಕಿ ರೋಫೆಕಾಕ್ಸಿಬ್ ತಿಂದವರಲ್ಲೇ ಆಲ್ಝೈಮರ್ ಹೆಚ್ಚಾಗಿ ಕಂಡುಬಂತು.

ದಾಖಲೆಗಳು ಹೇಳಿದ್ದೊಂದು, ಪರೀಕ್ಷೆಗಳು ಹೇಳಿದ್ದೊಂದು, ಏಕೆ? ಹಲವು ಉತ್ತರಗಳಿವೆ. ನಮಗೆ ಹೆಚ್ಚು ಮನವರಿಕೆಯಾದದ್ದು ಇದು: ಮರೆಯತೊಡಗಿದವರು ಮೊದಲು ಮರೆಯುವುದರಲ್ಲಿ ತಮ್ಮ ಗುಳಿಗೆಯೂ ಒಂದು. ನೋವನ್ನು ಹೇಳಿಕೊಳ್ಳುವುದೂ ಕಡಿಮೆಯಾಗುತ್ತದೆ. ಕಾಯಿಲೆ ಹೊರಗೆ ಕಾಣುವುದಕ್ಕೆ ವರ್ಷಗಳ ಮೊದಲೇ ಅವರ ಹೆಸರು ಔಷಧ ತಿನ್ನುವವರ ಪಟ್ಟಿಯಿಂದ ಜಾರಿ ಹೋಗಿರಬಹುದು. ಆಗ ಗುಳಿಗೆ ಕಾಯಿಲೆಯನ್ನು ತಡೆದಂತೆ ತೋರುತ್ತದೆ, ತಡೆದದ್ದು ಕಾಯಿಲೆ ಗುಳಿಗೆಯನ್ನು.

ಈ ಕಥೆಗೆ ನಮ್ಮ ದೇಶದ್ದೇ ಒಂದು ಉಪಕಥೆಯಿದೆ. 2001ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಅರಿಶಿನದ ಸತ್ವವಾದ ಕರ್ಕ್ಯುಮಿನ್ ಅನ್ನು, ಆಲ್ಝೈಮರ್ ಮಾದರಿಯ ಇಲಿಗಳಿಗೆ ತಿನ್ನಿಸಿ, ಉರಿಯೂತದ ಸೂಚಕಗಳೂ ಅಮಿಲಾಯ್ಡೂ ಇಳಿದವೆಂದು ವರದಿ ಮಾಡಿದರು. ಅದೇ ವರ್ಷ ಬಲ್ಲಭಗಢದ ಭಾರತ–ಅಮೆರಿಕ ಜಂಟಿ ಅಧ್ಯಯನದ ಫಲಿತಾಂಶವೂ ಬಂತು. ದೆಹಲಿಯ ಬಳಗದವರಿಗೆ ಈ ಊರು ಮೆಟ್ರೋದ ನೇರಳೆ ಮಾರ್ಗ ಕೊನೆಗೊಳ್ಳುವ ಕಡೆಯೆಂದು ಗೊತ್ತಿರುತ್ತದೆ. ಅಲ್ಲಿನ ಹಳ್ಳಿಗಳಲ್ಲಿ 65 ದಾಟಿದವರ ಪೈಕಿ ವರ್ಷಕ್ಕೆ ಸಾವಿರಕ್ಕೆ 4.7 ಜನರಿಗೆ ಹೊಸದಾಗಿ ಆಲ್ಝೈಮರ್ ಬರುತ್ತದೆ, ಪೆನ್ಸಿಲ್ವೇನಿಯಾದ ಮನಾಂಗಹೀಲಾ ಕಣಿವೆಯಲ್ಲಿ 17.5 ಜನರಿಗೆ ಎಂದು, ವಯಸ್ಸಿನ ಹಂಚಿಕೆಯನ್ನು ಸರಿದೂಗಿಸಿ, ಲೆಕ್ಕ ಕೊಡಲಾಗಿತ್ತು. ಎರಡು ಸುದ್ದಿಗಳನ್ನು ಜೋಡಿಸಲು ಎಷ್ಟು ಹೊತ್ತು? ಅರಿಶಿನ ತಿನ್ನುವ ನಾಡಿನಲ್ಲಿ ಮರೆವಿಲ್ಲ ಎಂಬ ಗಾದೆಯಂಥ ಮಾತು ಲೋಕವೆಲ್ಲ ಸುತ್ತಿ, ಕೊನೆಗೆ ನಮ್ಮ ಮೊಬೈಲುಗಳಿಗೇ ಮರಳಿ ಬಂತು. ಅಧ್ಯಯನ ಮಾಡಿದವರು ಮಾತ್ರ, ತಾವು ಕಾದು ನೋಡಿದ ಅವಧಿ ಚಿಕ್ಕದು, ಕಾಯಿಲೆ ಬಂದವರು ಬಹುಕಾಲ ಬದುಕದಿರುವುದೂ ಅಂಕಿ ಇಳಿಯಲು ಕಾರಣವಿರಬಹುದು ಎಂದು ಎಚ್ಚರಿಸಿದ್ದರು. 2012ರಲ್ಲಿ 36 ರೋಗಿಗಳಿಗೆ 24 ವಾರ ಕರ್ಕ್ಯುಮಿನ್ ಕೊಟ್ಟ ಪರೀಕ್ಷೆ ಪ್ರಕಟವಾಯಿತು. ಗುಣ ಕಾಣಲಿಲ್ಲ, ರಕ್ತಕ್ಕೆ ಅದು ಸೇರಿದ್ದೇ ಅತ್ಯಲ್ಪ. ಸಾರಿಗೆ ಅರಿಶಿನ ಹಾಕುವುದನ್ನು ಯಾರೂ ಬಿಡಬೇಕಾಗಿಲ್ಲ. ಅದು ಸಾರಿಗೆ ಹಾಕುವ ಅರಿಶಿನ, ಅಷ್ಟೆ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ನಮ್ಮ ಬಳಗದಲ್ಲಿಯೇ ಊರಿನಿಂದ ತಂದೆತಾಯಿಯರನ್ನು ಕರೆತಂದು ಇಟ್ಟುಕೊಂಡವರು ಹಲವರಿದ್ದಾರೆ. ಇಂಥ ಮನೆಗಳಲ್ಲಿ ಮರೆವನ್ನು ಗುರುತಿಸುವುದು ತಡವಾಗುತ್ತದೆ. ಹಿರಿಯರು ದಾರಿ ತಪ್ಪಿದರೆ ‘ಹೊಸ ಊರು’ ಎನ್ನುತ್ತೇವೆ. ಮಾತು ತಡವರಿಸಿದರೆ ‘ಇಲ್ಲಿಯ ಭಾಷೆ ಬಾರದು’ ಎನ್ನುತ್ತೇವೆ. ಸುಮ್ಮನೆ ಕುಳಿತರೆ ‘ಊರಿನ ನೆನಪು’ ಎನ್ನುತ್ತೇವೆ. ಕೊನೆಗೆ ಕಾಯಿಲೆಯ ಹೆಸರು ಗೊತ್ತಾದಾಗ ಮಕ್ಕಳಿಗೆ ಏನಾದರೂ ಮಾಡಲೇಬೇಕೆಂಬ ತವಕ. ಆ ತವಕಕ್ಕೆ ‘ಉರಿಯೂತ’ ಎಂಬ ಶಬ್ದ ಬಹಳ ಸುಲಭವಾಗಿ ದಕ್ಕುತ್ತದೆ. ಮೊಣಕಾಲಿಗೆ ಬರೆದುಕೊಟ್ಟ ಗುಳಿಗೆಯನ್ನು ಮಿದುಳಿಗೂ ಆದೀತೆಂದು ವೈದ್ಯರನ್ನು ಕೇಳದೆ ಮುಂದುವರಿಸುವವರನ್ನು ನಾವು ಕಂಡಿದ್ದೇವೆ. ವೃದ್ಧರ ಹೊಟ್ಟೆಯಲ್ಲಿ ಹುಣ್ಣಿಗೆ, ರಕ್ತಸ್ರಾವಕ್ಕೆ, ಮೂತ್ರಪಿಂಡದ ಹಾನಿಗೆ ಆ ಗುಳಿಗೆಗಳು ದಾರಿ ಮಾಡಿಕೊಡುತ್ತವೆ ಎಂಬುದು ಮಾತ್ರ ನಿಶ್ಚಿತವಾದ ಸಂಗತಿ.

2013ರಲ್ಲಿ ಕಥೆ ಇನ್ನೊಂದು ಮಗ್ಗುಲಿಗೆ ತಿರುಗಿತು. ಎರಡು ತಂಡಗಳು, ಅವುಗಳಲ್ಲೊಂದು ಐಸ್ಲೆಂಡಿನದು, ಒಂದೇ ಜೀನಿನ ಬಗ್ಗೆ ಏಕಕಾಲದಲ್ಲಿ ವರದಿ ಮಾಡಿದವು. ಟ್ರೆಮ್-2 ಎಂಬ ಆ ಜೀನ್ ಮಿದುಳಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಮೈಕ್ರೋಗ್ಲಿಯಾಗಳಲ್ಲಿ. ಅದರ ಒಂದು ಅಪರೂಪದ ರೂಪ ಇದ್ದವರಿಗೆ ಆಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು. ಇನ್ನೊಂದು ತಂಡದ ಲೇಖಕರ ಸಾಲಿನಲ್ಲಿ ಅಮಿಲಾಯ್ಡ್ ಸಿದ್ಧಾಂತದ ಅದೇ ಜಾನ್ ಹಾರ್ಡಿ ಇದ್ದರು. ಮೈಕ್ರೋಗ್ಲಿಯಾ ಎಲ್ಲ ಮುಗಿದ ಮೇಲೆ ಬರುವ ಜಾಡಮಾಲಿಯಲ್ಲ, ಕಾಯಿಲೆಯ ಕಾರಣಗಳಲ್ಲಿಯೇ ಅದಕ್ಕೆ ಪಾಲಿದೆ ಎಂಬುದು ಇದರಿಂದ ಸ್ಥಿರವಾಯಿತು. ಹುಟ್ಟಿನಿಂದ ಇರುವ ಜೀನ್ ಮುಪ್ಪಿನ ಕಾಯಿಲೆಗೆ ಪರಿಣಾಮವಾಗುವುದು ಸಾಧ್ಯವಿಲ್ಲವಲ್ಲ. ಆದರೆ ವಿಚಿತ್ರ ಇಲ್ಲಿದೆ. ಅಪಾಯ ತರುವ ಆ ರೂಪ ಮೈಕ್ರೋಗ್ಲಿಯಾಗಳನ್ನು ಕೆರಳಿಸುವುದಿಲ್ಲ, ಕುಂದಿಸುತ್ತದೆ. ಇಲಿಗಳಲ್ಲಿ ಈ ಜೀನ್ ಕೆಟ್ಟರೆ, ಪ್ಲಾಕಿಗೆ ಬೇಲಿ ಹಾಕಿದಂತೆ ಸುತ್ತ ನಿಲ್ಲಬೇಕಾದ ಕೋಶಗಳು ನಿಲ್ಲುವುದಿಲ್ಲ. ಪಕ್ಕದ ನರಗಳಿಗೆ ಹಾನಿ ಹೆಚ್ಚುತ್ತದೆ. ಈ ಜೀನ್ ಪೂರ್ತಿ ಕೆಟ್ಟು ಹುಟ್ಟಿದವರೂ ಇದ್ದಾರೆ. ಜಪಾನ್ ಮತ್ತು ಫಿನ್ಲೆಂಡಿನಲ್ಲಿ ಮೊದಲು ವಿವರಿಸಲಾದ ನಾಸು–ಹಾಕೊಲಾ ಎಂಬ ಕಾಯಿಲೆಯಲ್ಲಿ ಮೂವತ್ತು–ನಲವತ್ತರ ಪ್ರಾಯಕ್ಕೇ ಬುದ್ಧಿ ಕುಸಿಯುತ್ತದೆ. ಬೆಂಕಿಯೆಂದು ಇಷ್ಟು ವರ್ಷ ನಾವು ನೀರೆರಚುತ್ತಿದ್ದುದು ಕಾವಲುಗಾರನ ಪಂಜಿನ ಮೇಲೆ.

ಹಾಗೆಂದು ಕಾವಲುಗಾರ ಸದಾ ಸಜ್ಜನನೂ ಅಲ್ಲ. 2016ರಲ್ಲಿ ಸೊಯಾನ್ ಹಾಂಗ್, ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದು ಇದು: ಪ್ಲಾಕ್ ಕಟ್ಟುವ ಮೊದಲೇ, ನರಕೋಶಗಳು ಪರಸ್ಪರ ಸೇರುವ ಸಂಧಿಗಳಿಗೆ ಕಾಂಪ್ಲಿಮೆಂಟ್ ಪ್ರೋಟೀನು ಗುರುತು ಹಚ್ಚುತ್ತದೆ, ಮೈಕ್ರೋಗ್ಲಿಯಾ ಬಂದು ಆ ಸಂಧಿಗಳನ್ನೇ ನುಂಗುತ್ತದೆ. ಎಳೆಯ ಮಿದುಳಿನಲ್ಲಿ ಬೇಡದ ಕೊಂಡಿಗಳನ್ನು ಸವರಿ ತೆಗೆಯುವ ಸಹಜ ಕೆಲಸ ಮುಪ್ಪಿನಲ್ಲಿ ಅಕಾಲವಾಗಿ ಮತ್ತೆ ಶುರುವಾದಂತೆ. ಫಿಷರ್ ಬೆನ್ನು ಹತ್ತಿದ್ದ ಕಾಂಪ್ಲಿಮೆಂಟ್ ಅದೇ. 2024ರಲ್ಲಿ ಇನ್ನೊಂದು ವರದಿ ಬಂತು: ಎಪಿಓಇ4 ಎಂಬ, ಈ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್ ರೂಪವನ್ನು ಇಬ್ಬರು ಹೆತ್ತವರಿಂದಲೂ ಪಡೆದ ರೋಗಿಗಳ ಮೈಕ್ರೋಗ್ಲಿಯಾಗಳಲ್ಲಿ ಕೊಬ್ಬಿನ ಹನಿಗಳು ತುಂಬಿವೆ, ಆ ಕೋಶಗಳು ಸುರಿಸುವ ದ್ರವ್ಯ ನರಕೋಶಗಳಿಗೆ ಹಾನಿಕರ ಎಂದು. ಗ್ಲಿಯಾಗಳೊಳಗಿನ ಕೊಬ್ಬಿನ ಚೀಲಗಳನ್ನು ಆಲ್ಝೈಮರ್ ಅಚ್ಚು ಹಾಕಿಸಿ ಅಂದಿಗೆ 117 ವರ್ಷ. ಔಗುಸ್ಟೆಯ ಮಿದುಳಿನ ಮೂಲ ಗಾಜಿನ ಪಟ್ಟಿಗಳೂ 1990ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಸಿಕ್ಕಿವೆ; ಅವುಗಳಿಂದ ತೆಗೆದ ಅಂಗಾಂಶವನ್ನು ಪರೀಕ್ಷಿಸಿದಾಗ ಆಕೆಯಲ್ಲಿ ಎಪಿಓಇ4 ಇರಲಿಲ್ಲ. ಹೀಗಾಗಿ ಆಕೆಯ ಗ್ಲಿಯಾಗಳು ತುಂಬಿಕೊಂಡ ಕೊಬ್ಬಿಗೆ ಈ ಜೀನನ್ನು ಹೊಣೆ ಮಾಡುವಂತಿಲ್ಲ.

ಕಾವಲನ್ನು ಬಲಪಡಿಸಿದರೆ ಆದೀತೇ ಎಂಬ ಪ್ರಯತ್ನವೂ ನಡೆದಿದೆ. ಟ್ರೆಮ್-2ಅನ್ನು ಉತ್ತೇಜಿಸುವ ಒಂದು ಪ್ರತಿಕಾಯದ ಪರೀಕ್ಷೆ 2024ರ ಕೊನೆಗೆ ವಿಫಲವಾಯಿತು. ಒಂದೇ ಕೋಶ ಒಂದು ಹಂತದಲ್ಲಿ ಕಾಯುತ್ತದೆ, ಇನ್ನೊಂದು ಹಂತದಲ್ಲಿ ಕೊರೆಯುತ್ತದೆ ಎಂದಾದರೆ, ಯಾವಾಗ ಹಿಡಿದು ನಿಲ್ಲಿಸಬೇಕು, ಯಾವಾಗ ಬೆನ್ನು ತಟ್ಟಬೇಕು ಎಂಬುದು ತಿಳಿಯಬೇಕಾಗುತ್ತದೆ. ಸತ್ತವರ ಮಿದುಳನ್ನು ಎಷ್ಟು ಕೊಯ್ದು ನೋಡಿದರೂ ಇದು ತಿಳಿಯದು. ಅಲ್ಲಿ ಕಾಣುವುದು ಕಥೆಯ ಕೊನೆಯ ಪುಟ. ಮರೆವು ಶುರುವಾಗುವ ಮೊದಲಿನಿಂದ ಜನರನ್ನು ಹಿಂಬಾಲಿಸಬೇಕು. ಅಂಥ ಕೆಲಸಗಳಲ್ಲೊಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಯುತ್ತಿದೆ. ವಿಜಯಲಕ್ಷ್ಮೀ ರವೀಂದ್ರನಾಥ್ ಅವರು ಕಟ್ಟಿ ಬೆಳೆಸಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತಿದೆ. ಗುರಿ 10,000 ಜನ. ವಯಸ್ಸು 45 ಮತ್ತು ಮೇಲ್ಪಟ್ಟು. ಸೇರುವಾಗ ಡಿಮೆನ್ಷಿಯಾ ಇರಬಾರದು. ನಿಯತಕಾಲಕ್ಕೆ ಅವರ ನೆನಪಿನ ಪರೀಕ್ಷೆ, ರಕ್ತದ ಪರೀಕ್ಷೆ, ಮಿದುಳಿನ ಚಿತ್ರ. ಮಾವಿನ ತೋಟಗಳಿಗೆ ಹೆಸರಾದ ಆ ಸೀಮೆಯ ರೈತರು, ಶಾಲೆಗೆ ಹೋಗದವರೂ ಸೇರಿ, ಬೆಂಗಳೂರಿಗೆ ಬಂದು ಎಂಆರ್‌ಐ ಯಂತ್ರದೊಳಗೆ ಅಲುಗದೆ ಮಲಗಿ, ತಮಗಿನ್ನೂ ಬಾರದ ಕಾಯಿಲೆಯ ಲೆಕ್ಕಕ್ಕೆ ತಮ್ಮ ಮಿದುಳಿನ ಚಿತ್ರವನ್ನು ಸೇರಿಸಿ, ಊರಿಗೆ ಮರಳುತ್ತಾರೆ.